ಮುಗಿಯದ ಹೆಸರುಗಳ ಪುಟ

ಕಾವ್ಯವೇ ಬೇರೆ, ಸಾಮಾಜಿಕ ನ್ಯಾಯವೇ ಬೇರೆ; ಎರಡನ್ನೂ ಬೆರೆಸಿದರೆ ಉಳಿಯುವುದು ಬರಿಯ ಘೋಷಣೆ ಎಂಬ ವಾದ ವಿದ್ಯಾವಂತರಲ್ಲಿ ಬಹಳ ಕಾಲದಿಂದ ಚಲಾವಣೆಯಲ್ಲಿದೆ. ಕೇಳಲು ಸಭ್ಯವೆನಿಸುವ ಈ ವಾದ ಯಾರನ್ನು ಕಾಪಾಡುತ್ತಿದೆ?

ಜಮೈಕಾದಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲೆಸಿದ ಕಪ್ಪು ಕವಯಿತ್ರಿ ಕ್ಲಾಡಿಯಾ ರಾಂಕಿನ್ ಅವರ 'ಸಿಟಿಜನ್' ಕೃತಿ 2014ರಲ್ಲಿ ಪ್ರಕಟವಾಯಿತು. ಅದರಲ್ಲಿ ಘೋಷಣೆಯ ಅಬ್ಬರವಿಲ್ಲ. ಔಷಧದ ಅಂಗಡಿಯ ಸಾಲಿನಲ್ಲಿ ನಿಂತವರನ್ನು ದಾಟಿ ಮುಂದೆ ಹೋದವನು, ಅವರು ತನ್ನ ಕಣ್ಣಿಗೇ ಬೀಳಲಿಲ್ಲವೆನ್ನುತ್ತಾನೆ. ಮನಸ್ಸಿನ ಗಾಯಗಳಿಗೆ ಚಿಕಿತ್ಸೆ ನೀಡುವಾಕೆಯೇ, ಮೊದಲ ಬಾರಿಗೆ ಬಂದವರ ಬಣ್ಣ ಕಂಡು ಮನೆಯ ಬಾಗಿಲಿನಿಂದ ತೊಲಗೆಂದು ಅರಚುತ್ತಾಳೆ. ಕವಯಿತ್ರಿ ಇವನ್ನು 'ನೀನು' ಎಂಬ ಸಂಬೋಧನೆಯಲ್ಲಿ ಹೇಳುತ್ತಾರೆ. ಆದ್ದರಿಂದ ಓದುಗನು ಹೊರಗೆ ನಿಂತು ಮರುಗುವಂತಿಲ್ಲ. ಅವಮಾನಿತರ ಜಾಗದಲ್ಲಿ ತಾನೇ ನಿಲ್ಲಬೇಕು.

ಅದೇ ಪುಸ್ತಕದ ಒಂದೆಡೆ ಹತರಾದ ಕಪ್ಪು ಜನರ ಹೆಸರುಗಳಿವೆ. 2014ರ ಆಗಸ್ಟಿನಲ್ಲಿ ಫರ್ಗುಸನ್ ನಗರದಲ್ಲಿ ಪೊಲೀಸನ ಗುಂಡಿಗೆ ಬಲಿಯಾದ 18ರ ಹರೆಯದ ಮೈಕೆಲ್ ಬ್ರೌನ್ ಅವರಲ್ಲೊಬ್ಬ. ಮರುಮುದ್ರಣವಾದಂತೆ ಹೆಸರುಗಳು ಸೇರುತ್ತ ಹೋದವು. ಅವುಗಳ ಕೆಳಗೆ ಹೆಸರಿಲ್ಲದ ಸಾಲುಗಳು ಮಸುಕಾಗುತ್ತ ಮುಂದಿನವರಿಗಾಗಿ ಕಾಯುತ್ತವೆ.

ಇದು ಕಾವ್ಯವೇ ಎಂದು ಕೇಳುವವರಿದ್ದಾರೆ. ನವೆಂಬರ್ ತಿಂಗಳಲ್ಲಿ ನಮ್ಮ ದೇವಾಲಯದಲ್ಲಿ ಮೃತರ ಹೆಸರುಗಳನ್ನು ಓದುವಾಗ ಇದು ಪ್ರಾರ್ಥನೆಯೇ ಎಂದು ಯಾರೂ ಕೇಳುವುದಿಲ್ಲ. ಹೆಸರು ಹಿಡಿದು ನೆನೆಯುವುದೇ ಅಲ್ಲಿ ಪ್ರಾರ್ಥನೆ. ಘೋಷಣೆಯೆಂಬ ತೀರ್ಪು ಕೊಟ್ಟವನಿಗೆ ಒಂದು ಅನುಕೂಲವಿದೆ: ಕವಿತೆಯನ್ನು ತಳ್ಳಿಹಾಕಿದರೆ, ಅದು ತೋರಿದ ಅನ್ಯಾಯಕ್ಕೂ ಉತ್ತರಿಸಬೇಕಾಗಿಲ್ಲ.

ದೂರದ ಅಮೆರಿಕದ ಪಾಪಕ್ಕೆ ಮರುಗುವುದು ಸುಲಭ. ಆದರೆ 1972ರಲ್ಲಿ ಮುಂಬಯಿಯ ದಲಿತ ಲೇಖಕರು ಅಲ್ಲಿನ ಬ್ಲ್ಯಾಕ್ ಪ್ಯಾಂಥರ್ಸ್ ಸಂಘಟನೆಯಿಂದ ಸ್ಫೂರ್ತಿ ಪಡೆದು ತಮ್ಮ ಸಂಘಟನೆಗೆ ದಲಿತ್ ಪ್ಯಾಂಥರ್ಸ್ ಎಂದು ಹೆಸರಿಟ್ಟಾಗಲೇ ಆ ನೋವಿಗೂ ನಮ್ಮ ನೆಲದ ನೋವಿಗೂ ಇರುವ ನಂಟು ಬಯಲಾಗಿತ್ತು. 1975ರಲ್ಲಿ ಸಿದ್ದಲಿಂಗಯ್ಯನವರ 'ಹೊಲೆಮಾದಿಗರ ಹಾಡು' ಬಂದಾಗ ಕನ್ನಡದಲ್ಲೂ ಘೋಷಣೆಯೆಂದು ಮೂಗು ಮುರಿದವರಿದ್ದರು. ನಮ್ಮ ಧರ್ಮಸಭೆಯೂ ಇದಕ್ಕೆ ಹೊರತಲ್ಲ. ದಲಿತರ ಬಗೆಗಿನ ತಾರತಮ್ಯ ತನ್ನೊಳಗೂ ಇದೆಯೆಂದು ಭಾರತದ ಕಥೋಲಿಕ ಧರ್ಮಾಧ್ಯಕ್ಷರ ಮಂಡಳಿಯೇ 2016ರಲ್ಲಿ ಒಪ್ಪಿಕೊಂಡಿದೆ.

ಆದಕಾರಣ, ಪ್ರಿಯ ಓದುಗರೇ, ಇಂಥ ಬರಹ ಕಾವ್ಯವೋ ಅಲ್ಲವೋ ಎಂದು ಅಳೆಯುವ ಮುನ್ನ ಮತ್ತೊಂದು ಪ್ರಶ್ನೆಗೆ ಉತ್ತರಿಸೋಣ. ಪರಮಪ್ರಸಾದದ ಸಾಲಿನಲ್ಲಿ ನಮ್ಮ ಮುಂದೆ ನಿಂತವರು ನಿಜವಾಗಿಯೂ ನಮ್ಮ ಕಣ್ಣಿಗೆ ಬಿದ್ದಿದ್ದಾರೆಯೇ?