ತೋಟದ ಗೇಟಿನಲ್ಲಿ ನಿಂತ ತೀರ್ಪು

2018ರ ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟು ಒಂದು ತೀರ್ಪು ಕೊಟ್ಟಿತು. ಗಂಡನ್ನು ಒಲಿದ ಗಂಡು, ಹೆಣ್ಣನ್ನು ಒಲಿದ ಹೆಣ್ಣು, ಇಬ್ಬರನ್ನೂ ಒಲಿಯಬಲ್ಲ ಜೀವ, ಇವರು ಯಾರೂ ಅಪರಾಧಿಗಳಲ್ಲ ಎಂದಿತು. 1860ರಲ್ಲಿ ಬ್ರಿಟಿಷರು ಬರೆದ ದಂಡಸಂಹಿತೆಯ 377ನೇ ಕಲಮಿನ ಹಲ್ಲು ಮುರಿಯಿತು. ಲಿಂಗದ ಹೆಸರಲ್ಲಿ ತಾರತಮ್ಯ ಕೂಡದು ಎನ್ನುವ ಸಂವಿಧಾನದ 15ನೇ ವಿಧಿಯಲ್ಲಿ ಇವರ ಒಲವೂ ಸೇರಿದೆ ಎಂದಿತು. ಸಂತೋಷ. ಆದರೆ ಆ ವಿಧಿ ಕಟ್ಟಿಹಾಕುವುದು ಸರ್ಕಾರವನ್ನು, ಖಾಸಗಿ ಧಣಿಯನ್ನಲ್ಲ. ಹಾಗಾಗಿ ಆ ತೀರ್ಪು ಮೂಡಿಗೆರೆ, ಕೊಟ್ಟಿಗೆಹಾರ, ಕಳಸದ ತನಕ ಬಂದು ಕಾಫಿ ತೋಟದ ಗೇಟಿನಲ್ಲೇ ನಿಂತುಬಿಟ್ಟಿದೆ. ಗೇಟು ತೆಗೆಯುವವರು ಯಾರು? ಈ ಪ್ರಶ್ನೆಯನ್ನು ನಾವು ಧಣಿಗೆ ಕೇಳುವ ಮೊದಲು ನಮ್ಮ ಸಂಘಟನೆಗಳಿಗೇ ಕೇಳುತ್ತಿದ್ದೇವೆ.

ಪಟ್ಟಣದಲ್ಲಿ ಕೆಲಸ ಬೇರೆ, ಮನೆ ಬೇರೆ. ಬೆಂಗಳೂರಿನ ಕೆಲವು ದೊಡ್ಡ ಕಂಪನಿಗಳು ಕಾಮನಬಿಲ್ಲಿನ ಬಾವುಟ ಹಾರಿಸುತ್ತವೆ, ಇಂಥ ನೌಕರರ ಕೂಟ ಕಟ್ಟುತ್ತವೆ. ಆಗಲಿ. ಅಲ್ಲಿ ಸಾಹೇಬ ಗದರಿದರೂ ಸಂಜೆ ಹೋಗಿ ಬಾಗಿಲು ಹಾಕಿಕೊಳ್ಳಲು ಒಂದು ಬಾಡಿಗೆ ಕೋಣೆ ಇರುತ್ತೆ. ಇಲ್ಲಿ? ಹಾಜರಿ ಬರೆಯುವ ರೈಟರು ತೋಟದವರು, ಮಲಗುವ ಲೈನ್ ಮನೆ ತೋಟದ್ದು, ಮುಂಗಡ ಸಾಲ ತೋಟದ್ದು, ಆಸ್ಪತ್ರೆಗೆ ಹತ್ತುವ ಜೀಪೂ ತೋಟದ್ದೇ. ಕೆಲಸ ಹೋದ ದಿನವೇ ಸೂರೂ ಹೋಗುತ್ತೆ. 2005ರ ಡಿಸೆಂಬರ್ 31ಕ್ಕೆ ಕುದುರೆಮುಖದ ಅದಿರು ಗಣಿ ನಿಂತ ಮೇಲೆ, ಕೆಲಸಗಾರರಿಗಾಗಿ ಕಟ್ಟಿದ ಊರು ಬರಿದಾದದ್ದನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಇಂಥ ಕಡೆ ಒಬ್ಬ ಆಳಿನ ಒಲವು ಮೇಸ್ತ್ರಿಯ ಬಾಯಿಗೆ ಬಿದ್ದರೆ ಅದು ಬರೀ ಚಾಡಿಯಲ್ಲ. ಅನ್ನಕ್ಕೂ ಸೂರಿಗೂ ಹಾಕಿದ ಒಂದೇ ಕುಣಿಕೆ.

ಮನೆ ಕೊಟ್ಟವನು ಮನೆಯೊಳಗೆ ಇಣುಕುವ ಹಕ್ಕೂ ತನ್ನದೇ ಅಂದುಕೊಳ್ಳುತ್ತಾನೆ. ಅಲಿಗಢ ಮುಸ್ಲಿಂ ವಿಶ್ವವಿದ್ಯಾಲಯದಲ್ಲಿ ಮರಾಠಿ ಕಲಿಸುತ್ತಿದ್ದ ಪ್ರೊಫೆಸರ್ ಶ್ರೀನಿವಾಸ ರಾಮಚಂದ್ರ ಸಿರಾಸ್ ಅವರಿಗೆ ಆದದ್ದು ಅದೇ. 2010ರ ಫೆಬ್ರವರಿಯಲ್ಲಿ ಅವರ ಕ್ವಾರ್ಟರ್ಸಿಗೆ ಕ್ಯಾಮೆರಾ ಹಿಡಿದವರು ನುಗ್ಗಿದರು. ಒಬ್ಬ ರಿಕ್ಷಾ ತುಳಿಯುವವನ ಜೊತೆ ಅವರಿದ್ದದ್ದನ್ನು ಚಿತ್ರ ತೆಗೆದರು. ಅಮಾನತಾದದ್ದು ಪ್ರೊಫೆಸರು. ಕ್ವಾರ್ಟರ್ಸ್ ಬಿಡು ಅಂದದ್ದೂ ಅವರಿಗೇ. ನೆನಪಿಡಿ, 2009ರ ಜುಲೈನಲ್ಲೇ ದೆಹಲಿ ಹೈಕೋರ್ಟು ಇಂಥ ಸಂಬಂಧ ಅಪರಾಧವಲ್ಲ ಅಂದಾಗಿತ್ತು. ಏಪ್ರಿಲ್ 1ರಂದು ಅಲಹಾಬಾದ್ ಹೈಕೋರ್ಟು ಅಮಾನತಿಗೆ ತಡೆ ಕೊಟ್ಟಿತು. ಏಪ್ರಿಲ್ 7ರಂದು ಅವರು ಹೆಣವಾಗಿ ಸಿಕ್ಕರು. ಪ್ರೊಫೆಸರಿಗೆ ಕೋರ್ಟಿಗೆ ಒಯ್ಯಲು ಅಮಾನತಿನ ಕಾಗದವಾದರೂ ಇತ್ತು. ಆ ರಿಕ್ಷಾ ತುಳಿಯುವವನ ಕೈಯಲ್ಲಿ ಯಾವ ಕಾಗದ ಇತ್ತು? 'ನಾಳೆಯಿಂದ ಬರಬೇಡ' ಅಂತ ಬಾಯಲ್ಲೇ ಹೇಳಿಸಿಕೊಳ್ಳುವ ತೋಟದ ಆಳು ಯಾವ ಕಾಗದ ಒಯ್ಯಬೇಕು?

ಕುಟುಂಬ ಅನ್ನುವ ಮಾತನ್ನೇ ನೋಡಿ. ಗಂಡ ಹೆಂಡತಿ ಇಬ್ಬರೂ ಕೆಲಸಕ್ಕೆ ಬಂದರೆ ಲೈನಿನಲ್ಲಿ ಮನೆ. ಇಬ್ಬರು ಹೆಂಗಸರು ಕಳೆ, ಗೊಬ್ಬರ, ಕುಯ್ಲು ಅಂತ ಇಪ್ಪತ್ತು ವರ್ಷ ದುಡಿದು ಒಂದೇ ಒಲೆಯಲ್ಲಿ ಉಂಡು ಬಾಳಿದರು ಅಂತ ಇಟ್ಟುಕೊಳ್ಳಿ. ಒಬ್ಬಳು ಸತ್ತರೆ ಅವಳ ಗ್ರಾಚ್ಯುಯಿಟಿ ಯಾರಿಗೆ? ಕುಟುಂಬ ಇರುವ ಕೆಲಸಗಾರರು ನಾಮಿನಿಯನ್ನು ಕುಟುಂಬದೊಳಗಿಂದಲೇ ಹೆಸರಿಸಬೇಕು ಅನ್ನುತ್ತೆ ಕಾನೂನು. ಆ ಕುಟುಂಬದಲ್ಲಿ ಗಂಡ ಇದ್ದಾನೆ, ಹೆಂಡತಿ ಇದ್ದಾಳೆ, ಮಕ್ಕಳಿದ್ದಾರೆ, ಆಶ್ರಯದಲ್ಲಿರುವ ತಂದೆತಾಯಿ ಇದ್ದಾರೆ. ಜೊತೆಗೆ ಬಾಳಿದವಳು ಇಲ್ಲ. ಮದುವೆಯಾಗಿ ಒಳಗೆ ಬರೋಣ ಅಂದರೆ, 2023ರ ಅಕ್ಟೋಬರ್ 17ರಂದು ಸುಪ್ರೀಂ ಕೋರ್ಟು ಅಂಥ ಮದುವೆಗೆ ಮಾನ್ಯತೆ ಕೊಡಲು ಒಪ್ಪಲಿಲ್ಲ. ಆದರೂ 2024ರ ಆಗಸ್ಟಿನಲ್ಲಿ ಕೇಂದ್ರದ ಹಣಕಾಸು ಇಲಾಖೆ ಒಂದು ಮಾತು ಸ್ಪಷ್ಟ ಮಾಡಿತು: ಇಂಥ ಜೋಡಿ ಬ್ಯಾಂಕಿನಲ್ಲಿ ಜಂಟಿ ಖಾತೆ ತೆರೆಯಬಹುದು, ಒಬ್ಬರು ಇನ್ನೊಬ್ಬರನ್ನು ಖಾತೆಗೆ ನಾಮಿನಿ ಮಾಡಬಹುದು. ಪಾಸ್‌ಬುಕ್ಕಿನಲ್ಲಿ ಕೂಡಿದ ಎರಡು ಹೆಸರು ಲೈನ್ ಮನೆಯ ರಿಜಿಸ್ಟರಿನಲ್ಲಿ ಯಾಕೆ ಕೂಡಬಾರದು?

ನಮ್ಮವರೇ ಕೆಲವರು ಅಂತಾರೆ: ಮೊದಲು ಕೂಲಿ, ಮೊದಲು ಭೂಮಿ, ಇದೆಲ್ಲ ಹೊಟ್ಟೆ ತುಂಬಿದವರ ಶೋಕಿ. ಸೂರು ಕಳಕೊಂಡವಳ ಹಸಿವು ಹಸಿವಲ್ಲವಾ? ಕೇರಿಯ ಹುಡುಗ ಗಂಡನ್ನು ಒಲಿದರೆ ಮೇಸ್ತ್ರಿ ಒಂದೇ ಬೈಗುಳದಲ್ಲಿ ಅವನ ಜಾತಿಯನ್ನೂ ಒಲವನ್ನೂ ಎಳೆದು ಬಯ್ಯುತ್ತಾನೆ. ಬಯ್ಯುವವನೇ ಬೇರೆ ಮಾಡದ್ದನ್ನು ನಾವು ಯಾಕೆ ಬೇರೆ ಮಾಡಿ ಅರ್ಧ ಮನುಷ್ಯನನ್ನು ಮಾತ್ರ ಎತ್ತಿಕೊಳ್ಳಬೇಕು? ಜಾತಿಯ ನೋವೂ ಇದೂ ಒಂದೇ ಅಂತ ನಾವು ಹೇಳುತ್ತಿಲ್ಲ. ಜಾತಿಯನ್ನು ಮುಚ್ಚಿಡೋಕೆ ಆಗದ ಹಾಗೆ ಊರು ಕಟ್ಟಿದ್ದಾರೆ. ಇದನ್ನು ಮುಚ್ಚಿಟ್ಟರೆ ಮಾತ್ರ ಬದುಕು ಅಂತ ಅದೇ ಊರು ಹೇಳುತ್ತೆ.

ಇನ್ನು ಕೆಲವರಿಗೆ ಇದು ಪರದೇಶದ ರೋಗ. ಕಾಫಿ ಗಿಡ ಪರದೇಶದಿಂದ ಬಂದದ್ದು. 377ನೇ ಕಲಮು ಪರದೇಶದವರು ಬರೆದದ್ದು. ಇವೆರಡನ್ನೂ ನಮ್ಮದು ಅಂತ ಅಪ್ಪಿಕೊಂಡವರಿಗೆ ಪಕ್ಕದ ಮನೆಯ ಮಗನ ಒಲವು ಮಾತ್ರ ಪರದೇಶದ್ದಾಗಿ ಕಾಣುತ್ತೆ!

ಬಾಬಾಸಾಹೇಬರು ಇಂಥದ್ದರಲ್ಲಿ ನಿಂತಿದ್ದರಾ ಅಂತ ಕೇಳುವವರು 1934ನ್ನು ನೆನೆಯಲಿ. ಬೊಂಬಾಯಿಯ ರಘುನಾಥ ಧೋಂಡೋ ಕರ್ವೆ ತಮ್ಮ 'ಸಮಾಜಸ್ವಾಸ್ಥ್ಯ' ಪತ್ರಿಕೆಯಲ್ಲಿ ಓದುಗರ ಲೈಂಗಿಕ ಪ್ರಶ್ನೆಗಳಿಗೆ ಉತ್ತರ ಬರೆಯುತ್ತಿದ್ದರು. ಸಲಿಂಗಕಾಮದ ಪ್ರಶ್ನೆಗೂ ಬರೆದರು. ಅಶ್ಲೀಲ ಅಂತ ಕೇಸು ಬಿತ್ತು. ಕರ್ವೆ ಪರವಾಗಿ ವಾದಿಸಿದ ವಕೀಲರು ಡಾ. ಅಂಬೇಡ್ಕರ್. ಕೇಸು ಸೋತಿತು, ಕರ್ವೆಗೆ ದಂಡ ಬಿತ್ತು. ಆ ಮನುಷ್ಯನ ಫೋಟೊ ಗೋಡೆಗೆ ಹಾಕಿಕೊಂಡು ನಾವು ಗೆಲ್ಲುವ ಕೇಸನ್ನು ಮಾತ್ರ ಹುಡುಕಬೇಕಾ?

ಹಾಗಾದರೆ ಏನು ಮಾಡಬೇಕು? 2019ರ ಕಾಯ್ದೆ ಟ್ರಾನ್ಸ್‌ಜೆಂಡರ್ ಜನರಿಗೆ ಕೆಲಸದಲ್ಲಿ ತಾರತಮ್ಯ ಮಾಡಕೂಡದು ಅನ್ನುತ್ತೆ. 2021ರಲ್ಲಿ ಕರ್ನಾಟಕ ಅವರಿಗೆ ಸರ್ಕಾರಿ ನೌಕರಿಯಲ್ಲಿ ಶೇ. 1 ಮೀಸಲಾತಿ ಕೊಟ್ಟಿತು. ಅದು ಹೋರಾಡಿ ಪಡೆದದ್ದು. ಖಾಸಗಿ ತೋಟದ ಸಲಿಂಗಪ್ರೇಮಿ ಆಳಿಗೆ ಅಂಥ ಒಂದು ಕಲಮೂ ಇಲ್ಲ. 2013ರ ಲೈಂಗಿಕ ಕಿರುಕುಳ ತಡೆ ಕಾಯ್ದೆಯಲ್ಲಿ ದೂರು ಕೊಡುವ ಹಕ್ಕು ಹೆಂಗಸರಿಗೆ ಮಾತ್ರ. 'ಗಂಡಸೇನೋ ನೀನು' ಅಂತ ದಿನಾ ಮೈ ಮುಟ್ಟಿಸಿಕೊಳ್ಳುವ ಹುಡುಗ ಯಾರ ಹತ್ತಿರ ಹೋಗಬೇಕು?

ಯೂನಿಯನ್ ಹತ್ತಿರ ಬರಲಿ. ಕೂಲಿ ಒಪ್ಪಂದಕ್ಕೆ ಕೂತಾಗ ಯೂನಿಯನ್ ಒಂದು ಸಾಲು ಬರೆಸಲಿ: ಯಾರ ಜೊತೆ ಬಾಳುತ್ತಾರೆ ಅನ್ನುವ ಕಾರಣಕ್ಕೆ ಯಾರನ್ನೂ ಕೆಲಸದಿಂದ, ಲೈನ್ ಮನೆಯಿಂದ ತೆಗೆಯಕೂಡದು. ಇಬ್ಬರು ಕೆಲಸಗಾರರು ಒಟ್ಟಿಗೆ ಮನೆ ಕೇಳಿದರೆ ತಾಳಿ ಎಲ್ಲಿ ಅಂತ ಕೇಳದೆ ಕೊಡಲಿ. ಗಂಡಸಿನ ದೂರನ್ನೂ ಕೂತು ಕೇಳಲಿ. ಹೇಳಿಕೊಳ್ಳಲು ಹೆದರುವವರ ಹೆಸರು ಹೊರಗೆ ಬಾರದಿರಲಿ. ಬಲವಂತವಾಗಿ ಬಾಯಿ ಬಿಡಿಸುವುದು ಬೆಂಬಲವಲ್ಲ. ಮೇಷ್ಟ್ರುಗಳೇ, ಮದುವೆಯಾಗದ ಸಹೋದ್ಯೋಗಿಯ ಬಗ್ಗೆ ಸ್ಟಾಫ್ ರೂಮಿನಲ್ಲಿ ನಗು ಎದ್ದಾಗ ನೀವು ನಗದೇ ಇದ್ದರೆ ಸಾಲದು, ಆ ನಗುವನ್ನು ನಿಲ್ಲಿಸಬೇಕು.

ಗೆಳೆಯರೇ, ಕೋರ್ಟು ಗೇಟಿನ ತನಕ ಬಂದಿದೆ. ಗೇಟಿನ ಒಳಗೆ ದುಡಿಯುವವರು ನಾವು. ಬೆವರು ಸುರಿಸಿಕೊಳ್ಳುವಾಗ ಕೇಳದ ಒಲವನ್ನು ಸೂರು ಕೊಡುವಾಗ ಯಾಕೆ ಕೇಳುತ್ತೀರಿ? ಮುಂದಿನ ಕುಯ್ಲು ಶುರುವಾಗುವ ಮೊದಲು ಈ ಪ್ರಶ್ನೆಯನ್ನು ಧಣಿಯ ಮುಂದೆ ಇಡೋಣ.