ವೃದ್ಧ ಗಿಟಾರುವಾದಕನೂ ವಿದ್ಯಾವಂತರ ಆಕ್ಷೇಪಗಳೂ

ಎಪ್ಪತ್ತು ವರ್ಷ ದಾಟಿದ ಪಾಶ್ಚಾತ್ಯ ಗಿಟಾರುವಾದಕರೊಬ್ಬರ ಕಚೇರಿಯನ್ನು ಎದುರಿನಲ್ಲಿದ್ದು ಕೇಳಿಬರಬೇಕೆಂದು ಮನೆಯ ಮಗನೋ ಮಗಳೋ ಹಂಬಲಿಸಿದರೆ, ವಿದ್ಯಾವಂತರ ಮನೆಗಳಲ್ಲಿ ಹಿರಿಯರ ಬಾಯಿಂದ ಮೂರು ಆಕ್ಷೇಪಗಳು ಹೊರಡುವುದು ವಾಡಿಕೆಯಾಗಿದೆ. ರಾಕ್ ಎಂಬುದು ಸಂಗೀತವೇ ಅಲ್ಲ, ಬರಿಯ ಗದ್ದಲವೆಂಬುದು ಮೊದಲನೆಯದು. ಸಂಗೀತವೇ ಆಗಿದ್ದರೂ ಧ್ವನಿಮುದ್ರಿಕೆಗಳು ಮನೆಯಲ್ಲಿಯೇ ದೊರೆಯುವಾಗ ಹಣ ತೆತ್ತು ದೂರ ಹೋಗುವುದೇತಕ್ಕೆಂಬುದು ಎರಡನೆಯದು. ಹೋದರೂ ಆ ಮುದುಕನಲ್ಲಿ ಇನ್ನು ಉಳಿದಿರುವುದೇನು, ಯೌವನದ ಆಟವನ್ನು ನರೆತ ಮೇಲೂ ಆಡುವುದು ನಗೆಪಾಟಲಲ್ಲವೇ ಎಂಬುದು ಮೂರನೆಯದು. ಈ ಮೂರನ್ನೂ ಒಬ್ಬರೇ ಒಂದೇ ಉಸಿರಿನಲ್ಲಿ ಹೇಳುವುದುಂಟು. ಈಗ ಏನೂ ಉಳಿದಿಲ್ಲವೆನ್ನುವವರು ಹಿಂದೆ ಏನೋ ಇತ್ತೆಂದು ಒಪ್ಪಿದಂತಾಯಿತು. ಅಲ್ಲಿಗೆ ಮೊದಲನೆಯ ಆಕ್ಷೇಪವು ತಾನಾಗಿಯೇ ಬಿತ್ತು. ಮನೆಯಲ್ಲಿ ಕೇಳಿದರೆ ಸಾಕೆನ್ನುವವರು ಅದು ಕೇಳತಕ್ಕದ್ದೆಂದು ಒಪ್ಪಿದರು. ಅಲ್ಲಿಗೆ ಅದು ಎರಡನೆಯ ಸಲವೂ ಬಿತ್ತು. ಆದರೂ ಒಂದೊಂದನ್ನೂ ಬೇರೆಬೇರೆಯಾಗಿ ಎತ್ತಿಕೊಂಡು ವಿಚಾರಿಸುವುದೇ ನ್ಯಾಯ.

ವಿಚಾರಕ್ಕೆ ಒಂದು ನಿದರ್ಶನವಿರಲಿ. ಡೇವಿಡ್ ಗಿಲ್ಮೋರ್ ಎಂಬ ಆಂಗ್ಲ ವಾದಕರು ೧೯೪೬ರ ಮಾರ್ಚಿ ೬ರಂದು ಕೇಂಬ್ರಿಜ್ಜಿನಲ್ಲಿ ಜನಿಸಿದವರು. ಪಿಂಕ್ ಫ್ಲಾಯ್ಡ್ ಎಂಬ ಮೇಳವನ್ನು ೧೯೬೭-೬೮ರ ಸಂಧಿಯಲ್ಲಿ ಸೇರಿದವರು. ೧೯೭೧ರ ಅಕ್ಟೋಬರಿನಲ್ಲಿ ಈ ಮೇಳವು ಇಟಲಿಯ ಪೊಂಪೇ ನಗರದ ಪುರಾತನ ರಂಗಸ್ಥಳದಲ್ಲಿ ಚಲನಚಿತ್ರವೊಂದಕ್ಕಾಗಿ ನುಡಿಸಿತು. ಕ್ರಿಸ್ತಪೂರ್ವ ೭೦ರ ಸುಮಾರಿಗೆ ಕಟ್ಟಿದ ಆ ರಂಗಸ್ಥಳದಲ್ಲಿ ಇಪ್ಪತ್ತು ಸಾವಿರ ಮಂದಿ ಕುಳಿತು ಮಲ್ಲರ ಕಾಳಗವನ್ನು ನೋಡಬಹುದಾಗಿತ್ತು. ಕ್ರಿಸ್ತಶಕ ೭೯ರಲ್ಲಿ ವೆಸೂವಿಯಸ್ ಪರ್ವತವು ಬೆಂಕಿಯುಗುಳಿದಾಗ ನಗರದೊಡನೆ ಅದೂ ಬೂದಿಯ ಕೆಳಗೆ ಹೂತುಹೋಯಿತು. ಆ ಮೇಳದವರು ನುಡಿಸಿದಂತೆ ನಟಿಸಲು ಒಪ್ಪದೆ ನಿಜವಾಗಿಯೇ ನುಡಿಸಿದರು. ಆದರೆ ಕೇಳುವುದಕ್ಕೆ ಒಬ್ಬ ಪ್ರೇಕ್ಷಕನೂ ಇರಲಿಲ್ಲ. ಕಲ್ಲಿನ ಸೋಪಾನಗಳೆಲ್ಲ ಬರಿದಾಗಿದ್ದವು. ನಾಲ್ವತ್ತೈದು ವರ್ಷಗಳ ತರುವಾಯ, ೨೦೧೬ರ ಜುಲೈ ೭ ಮತ್ತು ೮ರ ರಾತ್ರಿಗಳಲ್ಲಿ, ತಮ್ಮ ಎಪ್ಪತ್ತನೆಯ ವಯಸ್ಸಿನಲ್ಲಿ, ಗಿಲ್ಮೋರರು ಅದೇ ಸ್ಥಳಕ್ಕೆ ಮರಳಿ ಬಂದರು. ಈ ಸಲ ಮಲ್ಲರು ಕಾದಿದ ನೆಲದ ಮೇಲೆಯೇ ಒಂದೊಂದು ರಾತ್ರಿಯೂ ೨,೫೦೦ಕ್ಕೆ ಮೇಲ್ಪಟ್ಟು ಜನರು ನಿಂತು ಕೇಳಿದರು.

ಇನ್ನು ಮೊದಲನೆಯ ಆಕ್ಷೇಪ. ಗದ್ದಲವೆನ್ನುವವರು ಯಾವ ಪ್ರಮಾಣದಿಂದ ಹಾಗೆನ್ನುವರು? ಬಹುಮಂದಿ ಕೇಳಿದ್ದೇ ಇಲ್ಲ. ಮುಚ್ಚಿದ ಬಾಗಿಲಿನ ಆಚೆಯಿಂದ ಬಂದ ಸದ್ದನ್ನು ಹಿಡಿದು ಅನುಮಾನಿಸಿದ್ದಾರೆ. ಪ್ರತ್ಯಕ್ಷವು ಸಾಧ್ಯವಿರುವಲ್ಲಿ ಅನುಮಾನದಿಂದಲೇ ತೃಪ್ತರಾಗುವುದು ತರ್ಕವನ್ನು ಓದಿದವರಿಗೆ ಸಲ್ಲದು. ಗಿಲ್ಮೋರರ ವಾದನದಲ್ಲಿ ಗಮನಿಸತಕ್ಕದ್ದು ವೇಗವಲ್ಲ, ಸ್ವರದ ನಿಲುಗಡೆ. ಒಂದು ಮೆಟ್ಟಿಲಿನ ಮೇಲೆ ಬೆರಳಿಟ್ಟು ತಂತಿಯನ್ನು ಪಕ್ಕಕ್ಕೆಳೆದು, ಮೇಲಿನ ಸ್ವರವನ್ನು ಅಲ್ಲಿಯೇ ಹುಟ್ಟಿಸಿ, ಅದನ್ನು ತುಸು ಕಂಪಿಸಿ ಬಿಡುವರು. ವೀಣೆಯ ಮುಂದೆ ಕುಳಿತವರಿಗೆ ಈ ಕ್ರಿಯೆ ಹೊಸದಲ್ಲ. ಜಾರು, ಕಂಪಿತಗಳ ಹೆಸರನ್ನು ಬಲ್ಲವರು ಅದರ ಸೋದರಸಂಬಂಧವನ್ನು ಒಡನೆಯೇ ಗುರುತಿಸುವರು. ವೀಣೆಯ ನಾದವು ಮೀಟಿದ ಸ್ವಲ್ಪ ಹೊತ್ತಿನಲ್ಲಿಯೇ ಕರಗುವುದು. ಈ ಗಿಟಾರಿನಲ್ಲಾದರೋ ತಂತಿಯ ಕೆಳಗಿರುವ ಅಯಸ್ಕಾಂತವೂ ಸುರುಳಿಯೂ ತಂತಿಯ ಅಲುಗಾಟವನ್ನು ವಿದ್ಯುತ್ತಾಗಿ ಮಾರ್ಪಡಿಸಿ, ಆ ವಿದ್ಯುತ್ತು ಧ್ವನಿವರ್ಧಕದಲ್ಲಿ ಬಲಗೊಂಡು ಹೊರಡುವುದರಿಂದ, ಒಂದು ಸ್ವರವನ್ನು ಹಾಡುಗಾರನ ಉಸಿರಿನಷ್ಟು ಉದ್ದವಾಗಿ ನಿಲ್ಲಿಸಬಹುದು. ಇಲ್ಲಿ ರಾಗಲಕ್ಷಣವಿಲ್ಲವೆಂಬುದು ನಿಜ. ಇಲ್ಲವೆಂದಮಾತ್ರಕ್ಕೆ ಗದ್ದಲವೆಂದರೆ, ಛಂದಸ್ಸು ಬೇರೆಯಾದುದರಿಂದ ಪರಭಾಷೆಯ ಕಾವ್ಯವೆಲ್ಲ ಕಾವ್ಯವಲ್ಲವೆಂದು ಹೇಳಿದಂತಾದೀತು.

ಪರದೇಶದ ವಾದ್ಯವೆಂಬ ತಾತ್ಸಾರವೂ ಈ ಆಕ್ಷೇಪದೊಳಗೆ ಅಡಗಿದೆ. ಆದರೆ ಇಂದು ಯಾವ ವಾದ್ಯವಿಲ್ಲದೆ ಕರ್ಣಾಟಕ ಸಂಗೀತದ ಕಚೇರಿಯೇ ನಡೆಯದೋ ಆ ಪಿಟೀಲು ಎಲ್ಲಿಯದು? ಮುತ್ತುಸ್ವಾಮಿ ದೀಕ್ಷಿತರ ತಮ್ಮಂದಿರಾದ ಬಾಲುಸ್ವಾಮಿ ದೀಕ್ಷಿತರು ಅದನ್ನು ಪಾಶ್ಚಾತ್ಯರಿಂದ ಕಲಿತು ತಂದವರು. ದಕ್ಷಿಣ ಕನ್ನಡದಲ್ಲಿ ಹುಟ್ಟಿ ೨೦೧೯ರಲ್ಲಿ ತೀರಿಕೊಂಡ ಕದ್ರಿ ಗೋಪಾಲನಾಥರು ಸ್ಯಾಕ್ಸೊಫೋನಿನಲ್ಲಿ ಕೀರ್ತನೆಗಳನ್ನು ನುಡಿಸಿ ಪದ್ಮಶ್ರೀಯನ್ನು ಪಡೆದರು. ಆ ಇಬ್ಬರೂ ಮೊದಲು ಕಿವಿಗೊಟ್ಟು ಕೇಳಿದರು, ಬಳಿಕ ನಿರ್ಣಯಿಸಿದರು. ಆಕ್ಷೇಪಕರು ಮೊದಲು ನಿರ್ಣಯಿಸುವರು. ಕೇಳುವುದಂತೂ ಇಲ್ಲವೇ ಇಲ್ಲ.

ಎರಡನೆಯ ಆಕ್ಷೇಪವು ಮೇಲ್ನೋಟಕ್ಕೆ ವಿವೇಕದ್ದೆಂದು ತೋರುವುದು. ಅಲ್ಪ ವೆಚ್ಚದಲ್ಲಿ ಮನೆಯೊಳಗೆ ನಿರ್ದುಷ್ಟವಾದ ಧ್ವನಿ ದೊರೆಯುವಾಗ ದೂರದ ಜನಸಂದಣಿಯಲ್ಲಿ ನಿಲ್ಲುವುದೇತಕ್ಕೆ ಎಂಬುದು ಅದರ ಹುರುಳು. ಧ್ವನಿಮುದ್ರಿಕೆಯೇ ಮೂಲ, ಕಚೇರಿಯು ಅದರ ನಕಲು ಎಂಬ ಭ್ರಾಂತಿ ಈ ಮಾತಿನ ತಳದಲ್ಲಿದೆ. ೧೯೭೯ರ 'ದಿ ವಾಲ್' ಎಂಬ ಮುದ್ರಿಕೆಯಲ್ಲಿರುವ 'ಕಂಫರ್ಟಬ್ಲಿ ನಂಬ್' ಎಂಬ ಹಾಡಿನ ಕೊನೆಯ ಗಿಟಾರುವಾದನವು ಜಗತ್ಪ್ರಸಿದ್ಧವಾದುದು. ಗಿಲ್ಮೋರರೇ ತಿಳಿಸಿರುವಂತೆ ಅದು ಒಂದೇ ಸಲ ನುಡಿಸಿದ್ದಲ್ಲ. ಹಲವು ಸಲ ನುಡಿಸಿ, ಒಂದೊಂದರಲ್ಲಿಯೂ ಉತ್ತಮವಾದ ಭಾಗವನ್ನು ಆರಿಸಿ ಜೋಡಿಸಿದ್ದು. ಎಂದಮೇಲೆ ಮುದ್ರಿಕೆಯಲ್ಲಿ ಕೇಳಿಬರುವ ಆ ವಾದನವು ಆದಿಯಿಂದ ಅಂತ್ಯದವರೆಗೆ ಅದೇ ರೂಪದಲ್ಲಿ ಯಾವ ಗಳಿಗೆಯಲ್ಲಿಯೂ ನಡೆದಿರಲಿಲ್ಲ. ಅದನ್ನು ಒಬ್ಬ ಮನುಷ್ಯನು ಆರಂಭಿಸಿ, ದಾರಿಯಲ್ಲಿ ಕಂಡುದನ್ನು ಕೂಡಿಸಿಕೊಂಡು, ಹಿಂದಕ್ಕೆ ತಿದ್ದಲಾಗದಂತೆ ಮುಗಿಸುವುದು ರಂಗದ ಮೇಲೆ ಮಾತ್ರ. ಪೊಂಪೇಯ ಕಚೇರಿಯು ಮುಗಿದದ್ದು ಆ ಹಾಡಿನಿಂದಲೇ. ಮುದ್ರಿಕೆಯು ಶಿಲ್ಪದಂತೆ ಮೆಚ್ಚತಕ್ಕದ್ದು, ನಿಜ. ಆದರೆ ಶಿಲ್ಪವನ್ನು ಕಂಡವನು ಮನುಷ್ಯನನ್ನು ಕಂಡೆನೆಂದು ಹೇಳಿಕೊಳ್ಳಬಾರದು.

ಭರತಮುನಿಯು ನಾಟ್ಯಶಾಸ್ತ್ರದಲ್ಲಿ ಪ್ರಯೋಗದ ಸಿದ್ಧಿಯನ್ನು ವಿವರಿಸುವಲ್ಲಿ ಪ್ರೇಕ್ಷಕನಿಗೂ ಲಕ್ಷಣವನ್ನು ಹೇಳಿದ್ದಾನೆ. ನೋಡುವವನು ನೆರೆಯದೆ ಪ್ರಯೋಗವು ನೆರೆಯದೆಂಬುದು ಅದರ ಭಾವ. ೧೯೭೧ರ ಮತ್ತು ೨೦೧೬ರ ಪೊಂಪೇಯ ಚಿತ್ರಗಳೆರಡನ್ನೂ ಒಂದರ ಮಗ್ಗುಲಲ್ಲಿ ಒಂದನ್ನಿಟ್ಟು ನೋಡಿದವರಿಗೆ ಇದಕ್ಕೆ ಬೇರೆ ವ್ಯಾಖ್ಯಾನವೇ ಬೇಡ. 'ಒನ್ ಆಫ್ ದೀಸ್ ಡೇಸ್' ಎಂಬ ಕೃತಿಯನ್ನು ಎರಡು ಸಲವೂ ಅಲ್ಲಿ ನುಡಿಸಿದರು. ಮೊದಲನೆಯ ಚಿತ್ರದಲ್ಲಿ ತರುಣರ ಶಕ್ತಿಯಿದೆ, ಬಿಸಿಲಿದೆ, ಕಲ್ಲಿದೆ. ಮರುದನಿಯ ಹೊರತು ಉತ್ತರ ಕೊಡುವವರಿಲ್ಲ. ಎರಡನೆಯದರಲ್ಲಿ ವಾದಕನ ತಲೆ ನರೆತಿದೆ, ಎದುರಿಗೆ ಸಾವಿರಾರು ಮುಖಗಳಿವೆ. ಚಿತ್ರವು ಒಳ್ಳೆಯ ಸಾಕ್ಷಿ. ಆದರೆ ಆ ಮುಖಗಳಲ್ಲಿ ಒಂದಾಗುವ ಭಾಗ್ಯವನ್ನು ಅದು ಕೊಡಲಾರದು.

ಮೂರನೆಯ ಆಕ್ಷೇಪವೇ ಎಲ್ಲಕ್ಕಿಂತ ಕಠಿನವಾದುದು, ಏಕೆಂದರೆ ಅದರಲ್ಲಿ ಕರುಣೆಯಿಲ್ಲ. ಮುದುಕನಾದವನು ಮನೆಯಲ್ಲಿರಲಿ ಎನ್ನುವವರು ಮುಪ್ಪಿನಿಂದ ಕಳೆಯುವುದೇನು, ಕೂಡುವುದೇನು ಎಂಬುದನ್ನು ಲೆಕ್ಕವಿಟ್ಟು ನೋಡಿಲ್ಲ. ಕಂಠವು ತಾರದಲ್ಲಿ ಕುಗ್ಗುವುದು, ಬೆರಳಿನ ಓಟ ತಗ್ಗುವುದು. ಇದನ್ನು ಅಲ್ಲಗಳೆಯುವುದು ಸಲ್ಲದು. ಆದರೆ ಓಟವನ್ನೇ ನಂಬದೆ ಸ್ವರದ ನಿಲುಗಡೆಯನ್ನು ನಂಬಿದ ವಾದಕನಿಗೆ ಈ ನಷ್ಟವು ಅಲ್ಪ, ಲಾಭವು ಅಧಿಕ. ೧೯೭೫ರಲ್ಲಿ ಈ ಮೇಳವು ತನ್ನನ್ನು ಕಟ್ಟಿದವರಲ್ಲಿ ಒಬ್ಬರಾಗಿ, ಚಿತ್ತಸ್ವಾಸ್ಥ್ಯವನ್ನು ಕಳೆದುಕೊಂಡು ದೂರವಾಗಿದ್ದ ಸಿಡ್ ಬ್ಯಾರೆಟ್ಟರನ್ನು ನೆನೆದು ಒಂದು ದೀರ್ಘಕೃತಿಯನ್ನು ರಚಿಸಿತು. ಬ್ಯಾರೆಟ್ಟರು ತೀರಿಕೊಂಡದ್ದು ೨೦೦೬ರ ಜುಲೈ ೭ರಂದು. ಪೊಂಪೇಯಲ್ಲಿ ಮೊದಲನೆಯ ಕಚೇರಿ ನಡೆದದ್ದು ಸರಿಯಾಗಿ ಹತ್ತು ವರ್ಷಗಳ ಬಳಿಕ ಅದೇ ತಾರೀಖಿನಂದು. ಆ ಕೃತಿಯನ್ನೂ ಅಲ್ಲಿ ನುಡಿಸಿದರು. ೧೯೭೧ರಲ್ಲಿ ಗಿಲ್ಮೋರರ ಮಗ್ಗುಲಲ್ಲಿ ಕುಳಿತು ನುಡಿಸಿದ್ದ ರಿಚರ್ಡ್ ರೈಟರು ೨೦೦೮ರಲ್ಲಿಯೇ ಗತಿಸಿದ್ದರು. ಅವರ ಕೃತಿಯೂ ಅಲ್ಲಿ ಕೇಳಿಬಂದಿತು. ಮೂವತ್ತರ ಹರೆಯದ ವಾದಕನೂ ಆ ಸ್ವರಗಳನ್ನು ತಪ್ಪಿಲ್ಲದೆ ನುಡಿಸಿಯಾನು. ಸತ್ತ ಮಿತ್ರರ ಲೆಕ್ಕವನ್ನು ಬೆರಳಿನಲ್ಲಿಟ್ಟುಕೊಂಡು ನುಡಿಸುವುದು ಮಾತ್ರ ಅವನಿಂದಾಗದು. ಇದನ್ನೇ ಉಳಿದಿರುವುದೇನು ಎಂಬ ಪ್ರಶ್ನೆಗೆ ಉತ್ತರವೆಂದು ಆಕ್ಷೇಪಕರು ತಿಳಿಯಬೇಕು. ೨೦೨೪ರಲ್ಲಿ, ಎಪ್ಪತ್ತೆಂಟನೆಯ ವಯಸ್ಸಿನಲ್ಲಿ, ಅದೇ ವಾದಕರು ರೋಮಿನ ಸರ್ಕಸ್ ಮ್ಯಾಕ್ಸಿಮಸ್ ಬಯಲಿನಲ್ಲಿಯೂ ಲಂಡನ್ನಿನ ರಾಯಲ್ ಆಲ್ಬರ್ಟ್ ಸಭಾಂಗಣದಲ್ಲಿಯೂ ನುಡಿಸಿದರು. ಮಗಳಾದ ರೋಮನಿಯು ಅವರೊಡನೆ ರಂಗದ ಮೇಲೆ ಹಾಡಿದಳು. ತಂದೆಯ ಎದುರಿನಲ್ಲಿ ಮಗಳು ವಿದ್ಯೆಯನ್ನು ಒಪ್ಪಿಸುವುದನ್ನು ನಗೆಪಾಟಲೆನ್ನುವ ಎದೆ ಯಾವ ಸಂಸ್ಕಾರವಂತನಿಗಿದೆ?

ಎದುರುಪಕ್ಷದಲ್ಲಿ ನಿಜವಾದ ಅಂಶಗಳೂ ಇವೆ. ಅವನ್ನು ಮುಚ್ಚಿಡುವುದು ವಾದಧರ್ಮವಲ್ಲ. ಅತಿಯಾದ ಶಬ್ದದಿಂದ ಕಿವಿ ಕೆಡುವುದು ದಿಟ. ಇಂಥ ಸ್ಥಳಗಳಲ್ಲಿ ಶಬ್ದವು ಸರಾಸರಿ ೧೦೦ ಡೆಸಿಬೆಲ್ಲನ್ನು ಮೀರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆಯು ೨೦೨೨ರಲ್ಲಿ ನಿಯಮವನ್ನು ಸೂಚಿಸಿದೆ. ಹೋಗುವ ತರುಣರು ಕಿವಿಗೆ ರಕ್ಷೆಯನ್ನಿಟ್ಟುಕೊಂಡು ಹೋಗುವುದೇ ಜಾಣತನ. ಟಿಕೆಟಿನ ಬೆಲೆಯು ಸಾಮಾನ್ಯರ ಕೈಗೆ ನಿಲುಕದಂತಿರುವುದೂ ದೋಷವೇ. ೨೦೧೯ರಲ್ಲಿ ಗಿಲ್ಮೋರರು ತಮ್ಮ ಗಿಟಾರುಗಳನ್ನು ನ್ಯೂಯಾರ್ಕಿನಲ್ಲಿ ಹರಾಜಿಗಿಟ್ಟು, ಬಂದ ೨ ಕೋಟಿ ೧೦ ಲಕ್ಷ ಡಾಲರುಗಳಿಗೆ ಮೀರಿದ ಹಣವನ್ನು ಭೂಮಿಯ ಹವಾಮಾನದ ರಕ್ಷಣೆಗಾಗಿ ದುಡಿಯುವ ಸಂಸ್ಥೆಗೆ ಕೊಟ್ಟರೆಂಬುದು ಶ್ಲಾಘ್ಯವಾದರೂ, ಅದರಿಂದ ಟಿಕೆಟಿನ ಬೆಲೆಯ ದೋಷವು ಅಳಿಯದು. ಇನ್ನು ಹೋದವರಲ್ಲಿ ಅನೇಕರು ಮೊಬೈಲನ್ನು ಮೇಲೆತ್ತಿ ಹಿಡಿದು, ಎದುರಿಗಿರುವ ಮನುಷ್ಯನನ್ನು ಅಂಗೈಯಗಲದ ಗಾಜಿನೊಳಗೆ ನೋಡುತ್ತ ನಿಲ್ಲುವರು. ಇವರು ಮನೆಯಲ್ಲಿಯೇ ಇದ್ದಿದ್ದರೆ ಹಿಂದೆ ನಿಂತವರಿಗಾದರೂ ಉಪಕಾರವಾಗುತ್ತಿತ್ತು. ಆದರೆ ಈ ದೋಷಗಳೊಂದೂ ಆಕ್ಷೇಪಕರು ಎತ್ತಿದವಲ್ಲ. ಎತ್ತಬೇಕಾದುದನ್ನು ಬಿಟ್ಟು ಎತ್ತಬಾರದುದನ್ನೇ ಎತ್ತಿದ್ದಾರೆ.

ಕಡೆಗೆ ಒಂದು ಪ್ರಶ್ನೆ ಉಳಿಯುವುದು. ಆಕ್ಷೇಪಕರು ಪಾಶ್ಚಾತ್ಯ ಮುದುಕನನ್ನು ಬೇಡವೆಂದದ್ದು ಸ್ವದೇಶದ ವೃದ್ಧ ವಿದ್ವಾಂಸರ ಮೇಲಣ ಪ್ರೀತಿಯಿಂದಲೇ ಆಗಿದ್ದರೆ ಅವರ ಮಾತಿಗೆ ಒಂದಿಷ್ಟು ಗೌರವವಾದರೂ ಸಲ್ಲುತ್ತಿತ್ತು. ಆದರೆ ಊರಿನ ದೇವಸ್ಥಾನದಲ್ಲಿಯೋ ಸಂಘದ ಮಂದಿರದಲ್ಲಿಯೋ ಎಪ್ಪತ್ತೈದರ ವೈಣಿಕರೊಬ್ಬರು ಟಿಕೆಟಿಲ್ಲದೆ ನುಡಿಸುವ ಸಂಜೆ ಈ ಮಹನೀಯರು ಎಲ್ಲಿರುವರು? ಮುಂದಿನ ಎರಡು ಸಾಲು ಮಾತ್ರ ತುಂಬಿ, ಅದರಲ್ಲಿಯೂ ಅರ್ಧ ಮಂದಿ ವಂದನಾರ್ಪಣೆಗೆ ಕಾದಿರುವವರಾಗಿ, ಹಿಂದಿನ ಕುರ್ಚಿಗಳೆಲ್ಲ ಪೊಂಪೇಯ ಕಲ್ಲಿನ ಸೋಪಾನಗಳಂತೆ ಬರಿದಾಗಿರುವುದನ್ನು ಯಾರು ಕಂಡಿಲ್ಲ? ಮನೆಯಲ್ಲಿ ಯಂತ್ರವಿದೆಯೆಂಬ ಸಮಾಧಾನವೇ ಅಲ್ಲಿಯೂ ಅವರನ್ನು ತಡೆದಿರುವುದು. ವೃದ್ಧನಿಂದ ಕೇಳತಕ್ಕದ್ದೇನೂ ಇಲ್ಲವೆಂಬ ತೀರ್ಮಾನವು ಒಮ್ಮೆ ಮನಸ್ಸಿನಲ್ಲಿ ಬೇರೂರಿದರೆ, ಅದು ದೇಶವನ್ನೂ ವಾದ್ಯವನ್ನೂ ನೋಡುವುದಿಲ್ಲ. ಗಿಟಾರಿನಿಂದ ಹೊರಟು ವೀಣೆಯನ್ನು ಮುಟ್ಟುವುದು.

ಆದುದರಿಂದ ಮಗನೋ ಮಗಳೋ ನರೆತ ವಾದಕನೊಬ್ಬನನ್ನು ಅವನು ಇರುವಾಗಲೇ ಕಂಡುಬರುವೆನೆಂದು ಹೊರಟರೆ, ಅದರಲ್ಲಿ ಹಿರಿಯರು ಕಾಣಬೇಕಾದುದು ದುಂದುಗಾರಿಕೆಯನ್ನಲ್ಲ; ತಾವು ಮರೆತ ಒಂದು ಒಳ್ಳೆಯ ನಡತೆಯನ್ನು. ಮುದ್ರಿಕೆಯು ನಾಳೆಯೂ ದೊರೆಯುವುದು, ನಾಡದೂ ದೊರೆಯುವುದು. ಬೆರಳು ಹಾಗಲ್ಲ. ಮಕ್ಕಳನ್ನು ತಡೆಯುವುದನ್ನು ಬಿಟ್ಟು, ಮುಂದಿನ ಸಲ ಊರಿನ ವೈಣಿಕರು ನುಡಿಸುವ ಸಂಜೆ ಅದೇ ಮಕ್ಕಳ ಕೈಹಿಡಿದು ಹಿಂದಿನ ಕುರ್ಚಿಗಳಲ್ಲಿ ಎರಡನ್ನಾದರೂ ತುಂಬಲಿ. ಆಕ್ಷೇಪವನ್ನು ಆ ಮೇಲೆ ಹೇಳಿದರೆ ಕೇಳುವವರಿದ್ದಾರು.