ಗಿಳಿ ಎಂದು ಬರೆದದ್ದು ತಪ್ಪಲ್ಲ

ಚಳಿಗಾಲದಲ್ಲಿ ಮನೆಯ ಹತ್ತಿರ ಕಂಡ ಹಕ್ಕಿಗಳ ಪಟ್ಟಿ ಬರೆದು ತನ್ನಿ ಎಂದು ಕನ್ನಡ ತರಗತಿಯಲ್ಲಿ ಹೇಳಿದ್ದೆವು. ಒಬ್ಬ ಹುಡುಗ ‘ಗಿಳಿ, ಏಳು’ ಎಂದು ಬರೆದ. ರಜೆಯಲ್ಲಿ ಅಜ್ಜಿಯ ಊರಿನಲ್ಲಿ ಕಂಡದ್ದಿರಬೇಕೆಂದು ನಾವು ಕೆಂಪು ಶಾಯಿಯಲ್ಲಿ ಗೆರೆ ಎಳೆದುಬಿಟ್ಟೆವು. ಅವನದು ಸರಿ, ನಮ್ಮದೇ ತಪ್ಪು. ಕರ್ನಾಟಕದ ತೋಟಗಳಲ್ಲಿ ಕಾಣುವ, ಕೊರಳಿಗೆ ಗುಲಾಬಿ ಪಟ್ಟಿಯಿರುವ ಅದೇ ಗಿಳಿ ಈ ಸರ್ರೆ ಕೌಂಟಿಯಲ್ಲೂ ದಶಕಗಳಿಂದ ಮರಿ ಮಾಡಿಕೊಂಡು ನೆಲೆಸಿದೆ. ಎಲೆ ಉದುರಿದ ಮರದಲ್ಲಿ ಜನವರಿಯಲ್ಲೇ ಅದು ಚೆನ್ನಾಗಿ ಕಾಣುತ್ತದೆ.

ಬ್ರಿಟನ್ನಿನ 2007–11ರ ಪಕ್ಷಿ ಅಟ್ಲಾಸ್ ಸಿದ್ಧವಾದದ್ದೂ ಸಾಮಾನ್ಯರು ಬರೆದ ಪಟ್ಟಿಗಳಿಂದಲೇ. ಎರಡು ಕಿಲೋಮೀಟರ್ ಉದ್ದಗಲದ ಚೌಕಗಳಲ್ಲಿ ಸ್ವಯಂಸೇವಕರು ಚಳಿಗಾಲದಲ್ಲಿ ಎರಡು ಸಲ, ಗಡಿಯಾರ ನೋಡಿಕೊಂಡು, ಒಂದೆರಡು ಗಂಟೆ ನಡೆದು ಎಣಿಸಿದರು. ಅನುಮಾನ ಬಂದರೆ ಎಲ್ಲಿ ಕಂಡೆ, ಯಾವಾಗ ಕಂಡೆ ಎಂದು ಕೇಳಬೇಕು. ನಾವು ಕೇಳಲೇ ಇಲ್ಲ.

ಪೋಷಕರಲ್ಲೂ ಒಂದು ಮಾತು. ಪಟ್ಟಿ ಚಿಕ್ಕದಾಯಿತೆಂದು ಕೆಲವರು ಪುಸ್ತಕ ನೋಡಿ ನಾಲ್ಕು ಹೆಸರು ಸೇರಿಸಿ ಕಳಿಸಿದ್ದಿರಿ (ಕೈಬರಹದಲ್ಲೇ ಗೊತ್ತಾಯಿತು!). ದಯವಿಟ್ಟು ಬೇಡ. ಏನೂ ಕಾಣಲಿಲ್ಲವೆಂದರೆ ಹಾಗೆಯೇ ಬರೆಯಲಿ. ಒಂದು ಹಕ್ಕಿ ಎಲ್ಲಿ ಇಲ್ಲವೆಂಬುದೂ ನಕ್ಷೆಗೆ ಬೇಕು.

ಜನವರಿಯ ಕೊನೆಯ ವಾರಾಂತ್ಯ ಬಿಗ್ ಗಾರ್ಡನ್ ಬರ್ಡ್‌ವಾಚ್ ಬರುತ್ತದೆ. ಮಕ್ಕಳೇ, ಒಂದು ಗಂಟೆ ಕಿಟಕಿಯ ಬಳಿ ಕುಳಿತರೆ ಸಾಕು. ಪ್ರತಿ ಜಾತಿಯಲ್ಲೂ ಒಂದೇ ಹೊತ್ತಿಗೆ ಒಟ್ಟಿಗೆ ಕಂಡ ಅತಿ ಹೆಚ್ಚಿನ ಸಂಖ್ಯೆಯನ್ನಷ್ಟೇ ಬರೆಯಿರಿ. ಇಲ್ಲದಿದ್ದರೆ ಹೋಗಿ ಬರುವ ಒಂದೇ ಗುಬ್ಬಿ ಹತ್ತಾಗುತ್ತದೆ.

ಆ ಹುಡುಗನ ಅಂಕವನ್ನು ತಿದ್ದಿದ್ದೇವೆ.